ಹುಲಿಯೂರುದುರ್ಗದ ತಪ್ಪಲಿನ ಕುದುರೆ ತೋಟದಲ್ಲಿ

ಗುರುವಾರ: ಮಾಗಡಿಯಿಂದಾಚೆ

ಬೆಂಗಳೂರಿನಿಂದ ಮಾಗಡಿ ರಸ್ತೆ ಹಿಡಿದರೆ ತಾವರೆಕೆರೆ ದಾಟುವವರೆಗೂ ನಗರ ಬೆನ್ನು ಬಿಡುವುದಿಲ್ಲ. ಎಡಗಡೆಗೆ ಸಾವನದುರ್ಗದ ಬಂಡೆ ಕಾಣಿಸಿಕೊಂಡ ಮೇಲೆಯೇ ಊರು ಬಿಟ್ಟು ಬಂದಿದ್ದೇವೆ ಎನ್ನಿಸುವುದು. ಸಂಕ್ರಾಂತಿ ಕಳೆದು ವಾರವಾಗಿತ್ತು. ಮಾಗಡಿಯಲ್ಲಿ ತಟ್ಟೆ ಇಡ್ಲಿ ತಿಂದು ಹುಲಿಯೂರುದುರ್ಗದ ಕಡೆಗೆ ಹೊರಟಾಗ ಹೊಲಗಳ ಮೇಲಿನ ಮಂಜು ಇನ್ನೂ ಕರಗಿರಲಿಲ್ಲ. ಈ ತಿಂಗಳಲ್ಲಿ ಆ ದಾರಿಯಲ್ಲಿ ಹೋಗುವವರು ವೇಗದ ಆಸೆಯನ್ನು ಬಿಡಬೇಕು, ಏಕೆಂದರೆ ರೈತರು ಅಲ್ಲಲ್ಲಿ ಹುರುಳಿಯನ್ನೂ ರಾಗಿಯ ತೆನೆಯನ್ನೂ ರಸ್ತೆಯ ಮೇಲೆಯೇ ಹರಡಿ, ಹೋಗಿಬರುವ ಗಾಡಿಗಳ ಚಕ್ರದಡಿಯಲ್ಲಿ ಒಕ್ಕಣೆ ಮಾಡಿಕೊಳ್ಳುತ್ತಾರೆ. ಬೈಕಿನವರಿಗೆ ಅದು ಜಾರುವ ಜಾಗ. ಕಾರಿನವರಾದರೂ ಹುರುಳಿಯ ಒಣಬಳ್ಳಿ ಕೆಳಗಿನ ಬಿಸಿ ಕೊಳವೆಗೆ ಸುತ್ತಿಕೊಳ್ಳದಂತೆ ಪಕ್ಕಕ್ಕೆ ಸರಿದು ಹೋಗುವುದು ಒಳ್ಳೆಯದು, ಹಾಗೆ ಸುತ್ತಿಕೊಂಡು ಬೆಂಕಿ ಹತ್ತಿದ ಪ್ರಸಂಗಗಳು ಈ ಸೀಮೆಯಲ್ಲಿ ನಡೆದಿವೆ.

ದಾರಿ ಕೇಳಲು ನಿಲ್ಲಿಸಿದಲ್ಲಿ ಹಿರಿಯ ಹೆಂಗಸೊಬ್ಬರು ಮೊರ ಹಿಡಿದು ಹುರುಳಿ ತೂರುತ್ತಿದ್ದರು. ರಸ್ತೆಯ ಮೇಲೆ ಒಕ್ಕುವುದೇಕೆ ಎಂದು ನಾನು ಕೇಳದೆಯೇ ಅವರು ಉತ್ತರ ಹೇಳಿದರು. "ಕಣ ಮಾಡಾಕೆ ಯಾರವ್ರೆ ಈಗ? ಸಗಣಿ ಸಾರ್ಸಿ, ರೋಣಗಲ್ಲು ಎಳ್ಸಾಕೆ ಎತ್ತೂ ಇಲ್ಲ, ಆಳೂ ಇಲ್ಲ." ಆಮೇಲೆ ನನ್ನ ಚೀಲವನ್ನು ನೋಡಿ, "ಕುದ್ರೆ ಮನೆಗಾ ಹೋಯ್ತಿರಾದು? ಹುಣ್ಸೆಮರದ ತಾವ ಎಡಕ್ಕೆ ತಿರುಕ್ಕಳಿ" ಎಂದರು.

ಸುತ್ತಲಿನವರೆಲ್ಲ ಕುದುರೆ ಮನೆ ಎಂದು ಕರೆಯುವ ಆ ತೋಟ ಒಂದು ಕುಟುಂಬದ್ದು. ತಾಯಿ, ಮಗ, ಸೊಸೆ, ಪ್ರೌಢಶಾಲೆಗೆ ಹೋಗುವ ಮೊಮ್ಮಗಳು, ಜೊತೆಗೆ ಬೆಂಗಳೂರಿನ ರೇಸಿನ ಲಾಯಗಳಲ್ಲಿ ಜೀವಮಾನವಿಡೀ ಕುದುರೆ ನೋಡಿಕೊಳ್ಳುವ ಸೈಸ್ ಆಗಿ ದುಡಿದು ಈಗ ಇಲ್ಲಿಯೇ ನೆಲೆಸಿರುವ, ಎಲ್ಲರೂ ಚಾಚಾ ಎನ್ನುವ ವೃದ್ಧರೊಬ್ಬರು. ಮಗ ನೈಸರ್ಗಿಕ ಕೃಷಿ ಮಾಡುತ್ತಾರೆ. ಸೊಸೆ, ಬೆಂಗಳೂರು ಮತ್ತು ಮೈಸೂರಿನ ಓಟದ ಕಣಗಳಿಂದ ನಿವೃತ್ತಿಯಾದ ಥರೋಬ್ರೆಡ್ ಎಂಬ ಓಟದ ತಳಿಯ ಕುದುರೆಗಳನ್ನು ತಂದು ಸಾಮಾನ್ಯ ಸವಾರಿಗೆ ಒಗ್ಗಿಸುತ್ತಾರೆ. ಕಲಿಯಲು ಬರುವವರು ಮನೆಯಲ್ಲಿಯೇ ಉಳಿದು ಕೆಲಸದಲ್ಲಿ ಕೈಜೋಡಿಸಬೇಕು. ಫೋನಿನಲ್ಲಿ ಮಾತನಾಡಿದಾಗ ಅವರು ಹೇಳಿದ ಮೊದಲ ಮಾತು ಧನುರ್ವಾಯುವಿನ ಚುಚ್ಚುಮದ್ದು ಹಾಕಿಸಿಕೊಂಡೇ ಬನ್ನಿ ಎಂಬುದು. ಕುದುರೆಯ ಲದ್ದಿಯಲ್ಲಿ ಮತ್ತು ಅದು ಬಿದ್ದ ಮಣ್ಣಿನಲ್ಲಿ ಆ ರೋಗದ ಬೀಜಾಣು ಇರುತ್ತದೆ, ಬರಿಗಾಲಿಗೆ ಆದ ಚಿಕ್ಕ ಗಾಯವೂ ಸಾಕಾಗುತ್ತದೆ. ಎರಡನೆಯದು, ಸ್ವಲ್ಪ ಹಿಮ್ಮಡಿಯಿರುವ ಬೂಟು ಬೇಕು, ಏಕೆಂದರೆ ಸಪಾಟು ಅಟ್ಟೆಯ ಕಾಲು ಜೀನಿನಿಂದ ತೂಗುವ ರಿಕಾಪಿನೊಳಗೆ ಜಾರಿ ಸಿಕ್ಕಿಕೊಳ್ಳುತ್ತದೆ.

ನಾನು ತಲುಪಿದಾಗ ಕುದುರೆಗಳೆಲ್ಲ ಹೊರಗಿದ್ದವು. ಬೇಲಿಯೊಳಗಿನ ಹುಲ್ಲುಗಾವಲಿನಲ್ಲಿ, ಹೊಂಗೆ ಮರಗಳ ನೆರಳಿನಲ್ಲಿ, ಒಂದರ ಬೆನ್ನನ್ನು ಇನ್ನೊಂದು ಹಲ್ಲಿನಿಂದ ಕೆರೆಯುತ್ತ ನಿಂತಿದ್ದವು. ಹಿಂದೆ ಹುಲಿಯೂರುದುರ್ಗದ ಬೆಟ್ಟ. ಆ ದಿನ ಸವಾರಿ ಇರಲಿಲ್ಲ, ಮುಟ್ಟುವುದೂ ಇರಲಿಲ್ಲ. "ಇವತ್ತು ಬೇಲಿ ಹತ್ತಿರ ಕೂತು ನೋಡಿ. ಯಾರು ಯಾರನ್ನ ಸರಿಸ್ತಾರೆ, ಯಾರು ಯಾರ ಜೊತೆ ನೀರಿಗೆ ಹೋಗ್ತಾರೆ ಅಂತ ಸಂಜೆ ನನಗೆ ಹೇಳಿ" ಎಂದು ಸೊಸೆಯವರು ಒಂದು ಮಣೆ ಕೊಟ್ಟು ಹೋದರು.

ಬಿಸಿಲು ಇಳಿಯುವವರೆಗೂ ಕುಳಿತು ನೋಡಿದೆ. ಕಣ್ಣು ಮುಖದ ಎರಡು ಪಕ್ಕಗಳಲ್ಲಿರುವುದರಿಂದ ಕುದುರೆ ತಲೆ ತಿರುಗಿಸದೆಯೇ ಸುಮಾರು 350 ಡಿಗ್ರಿಯಷ್ಟು ಸುತ್ತಳತೆಯನ್ನು ನೋಡಬಲ್ಲದು. ಅದಕ್ಕೆ ಕಾಣದಿರುವುದು ಬಾಲದ ನೇರ ಹಿಂಭಾಗ ಮತ್ತು ಹಣೆಯ ಮುಂದಿನ ಒಂದಿಷ್ಟು ಜಾಗ ಮಾತ್ರ. ಹಾಗಾಗಿ ಅದರ ಗಮನ ಎಲ್ಲಿದೆ ಎಂಬುದನ್ನು ಕಣ್ಣಿಗಿಂತ ಕಿವಿ ಚೆನ್ನಾಗಿ ಹೇಳುತ್ತದೆ. ಒಂದು ಕಿವಿ ನನ್ನ ಕಡೆ, ಇನ್ನೊಂದು ಜೊತೆಗಾರನ ಕಡೆ. ಗುಂಪಿಗೆ ಯಜಮಾನಿಕೆ ಮಾಡುತ್ತಿದ್ದದ್ದು ಎಲ್ಲರಿಗಿಂತ ಎತ್ತರದ ಕರಿಯ ಗಂಡುಕುದುರೆಯಲ್ಲ, ಭೀಮ ಎಂಬ ಗಿಡ್ಡ ಕುದುರೆ, ಗುಜರಾತಿನ ಕಾಠೇವಾಡಿ ತಳಿಯ ಬೆರಕೆ. ಅದು ಕಿವಿಯನ್ನು ಸ್ವಲ್ಪ ಹಿಂದಕ್ಕೆ ಮಡಿಸಿದರೆ ಸಾಕು, ಉಳಿದವು ಜಾಗ ಬಿಡುತ್ತಿದ್ದವು. ಕೆಂಪಿ ಎಂಬ ಹೊಸ ಹೆಣ್ಣುಕುದುರೆ ಮಾತ್ರ ಗುಂಪಿನ ಅಂಚಿನಲ್ಲಿಯೇ ಇದ್ದಳು.

ರಾತ್ರಿ ಊಟಕ್ಕೆ ಮುದ್ದೆ ಮತ್ತು ಹುರುಳಿಕಟ್ಟಿನ ಸಾರು. ಅಜ್ಜಿ ಮಧ್ಯಾಹ್ನವೇ ದೊಡ್ಡ ಹಂಡೆಯಲ್ಲಿ ಹುರುಳಿ ಬೇಯಿಸಿದ್ದರು. ಬಸಿದ ಕಟ್ಟು ನಮ್ಮ ಸಾರಿಗೆ, ಬೆಂದ ಕಾಳು ಅಳತೆಯ ಪ್ರಕಾರ ಕುದುರೆಗಳಿಗೆ. "ಇದೇನು ಹೊಸದಲ್ಲ ಮಗ. ನಮ್ಮತ್ತೆ ಕಾಲದಾಗೆ ಎತ್ತಿಗೆ ಹಾಕ್ತಿದ್ವಿ, ಈಗ ಕುದ್ರೆಗೆ ಹಾಕ್ತೀವಿ. ಕಟ್ಟು ನಮಗೇ ಆವತ್ತೂ, ಈವತ್ತೂ" ಎನ್ನುತ್ತ ಇನ್ನೊಂದು ಮುದ್ದೆ ಇಟ್ಟರು.

ಶುಕ್ರವಾರ: ಲದ್ದಿ, ಮೇವು, ಗೊರಸು

ಬೆಳಗಿನ ಜಾವ ಐದೂವರೆಗೆ ಎದ್ದಾಗ ಎಲೆಗಳಿಂದ ಇಬ್ಬನಿ ತೊಟ್ಟಿಕ್ಕುತ್ತಿತ್ತು. ಹಳ್ಳಿಯ ಚಳಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಬರುವವರು ಬಹಳ, ಜನವರಿಯಲ್ಲಿ ಹೋಗುವವರು ಉಣ್ಣೆಯ ಟೊಪ್ಪಿಯನ್ನು ಮರೆಯದಿರಲಿ. ದಿನದ ಮೊದಲ ಕೆಲಸ ಲದ್ದಿ ಎತ್ತುವುದು. ಚಾಚಾ ಪ್ರತಿ ಕುದುರೆಯ ಲದ್ದಿಯನ್ನೂ ನಿಂತು ನೋಡುತ್ತಾರೆ. ಉಂಡೆಗಳು ನೆಲಕ್ಕೆ ಬಿದ್ದು ಒಡೆಯುವಷ್ಟು ಮೆದುವಾಗಿವೆಯೇ, ಗಟ್ಟಿಯಾಗಿವೆಯೇ, ನಿನ್ನೆಗಿಂತ ಕಡಿಮೆಯೇ? "ಡಾಕ್ಟರ್ ಬರೋ ಮುಂಚೆ ಇದೇ ಡಾಕ್ಟರ್, ಸಾಬ್" ಎಂದರು.

ಈ ತೋಟದಲ್ಲಿ ಕೃಷಿ ಮತ್ತು ಕುದುರೆ ಬೇರೆಬೇರೆಯಲ್ಲ ಎಂಬುದು ನನಗೆ ಮನವರಿಕೆಯಾದದ್ದು ಗೊಬ್ಬರದ ಗುಂಡಿಯ ಬಳಿ. ಯಜಮಾನರು, ಅಂದರೆ ಅಜ್ಜಿಯ ಮಗ, ಎರಡು ಸಾವಿರದ ದಶಕದಲ್ಲಿ ರೈತ ಸಂಘ ಏರ್ಪಡಿಸಿದ ಶಿಬಿರವೊಂದರಲ್ಲಿ ನೈಸರ್ಗಿಕ ಕೃಷಿಯ ಪ್ರಚಾರಕ ಸುಭಾಷ್ ಪಾಳೇಕರ್ ಅವರ ಪಾಠ ಕೇಳಿ ರಾಸಾಯನಿಕ ಗೊಬ್ಬರ ಬಿಟ್ಟವರು. ಅವರ ಕೊಟ್ಟಿಗೆಯಲ್ಲಿ ಹಳ್ಳಿಕಾರ್ ಹಸುಗಳಿವೆ. ಇನ್ನೂರು ಲೀಟರಿನ ಡ್ರಮ್ಮಿನ ನೀರಿಗೆ 10 ಕಿಲೋ ಸಗಣಿ, ಐದರಿಂದ ಹತ್ತು ಲೀಟರ್ ಗಂಜಲ, 2 ಕಿಲೋ ಬೆಲ್ಲ, 2 ಕಿಲೋ ದ್ವಿದಳ ಧಾನ್ಯದ ಹಿಟ್ಟು, ಬದುವಿನ ಒಂದು ಹಿಡಿ ಮಣ್ಣು ಸೇರಿಸಿ ನೆರಳಿನಲ್ಲಿ ನಲವತ್ತೆಂಟು ಗಂಟೆ ಕಳಿಸಿದರೆ ಒಂದು ಎಕರೆಗಾಗುವ ಜೀವಾಮೃತ ಸಿದ್ಧ. ಅದಕ್ಕೆ ಕುದುರೆಯ ಲದ್ದಿ ಸೇರುವುದಿಲ್ಲ. ಕುದುರೆ ಮೆಲುಕು ಹಾಕುವ ಪ್ರಾಣಿಯಲ್ಲವಾದ್ದರಿಂದ ಅದು ತಿಂದ ಹುಲ್ಲಿನ ಬೀಜಗಳಲ್ಲಿ ಎಷ್ಟೋ ಜೀವಂತವಾಗಿಯೇ ಹೊರಬರುತ್ತವೆ. ಹಸಿಲದ್ದಿಯನ್ನು ನೇರವಾಗಿ ಹೊಲಕ್ಕೆ ಸುರಿದರೆ ಕಳೆಯನ್ನು ಬಿತ್ತಿದ ಹಾಗೆಯೇ. ಅದನ್ನು ರಾಶಿ ಹಾಕಿ, ಒಳಗೆ ಬಿಸಿಯೇರಿ ಬೀಜಗಳು ಸಾಯುವವರೆಗೆ ಮಗುಚುತ್ತ, ತಿಂಗಳುಗಟ್ಟಲೆ ಕಳಿಸಿ ತೆಂಗಿನ ಬುಡಕ್ಕೆ ಕೊಡುತ್ತಾರೆ. ಯಜಮಾನರು ರಾಶಿಯೊಳಗೆ ಕಬ್ಬಿಣದ ಸರಳೊಂದನ್ನು ಚುಚ್ಚಿಟ್ಟು ಸ್ವಲ್ಪ ಹೊತ್ತಿನ ಬಳಿಕ ಎಳೆದು ನನ್ನ ಕೈಗೆ ಕೊಟ್ಟರು. ಆ ಚಳಿಯ ಬೆಳಗಿನಲ್ಲಿ ಅದನ್ನು ಬಹಳ ಹೊತ್ತು ಹಿಡಿದಿರಲು ಆಗಲಿಲ್ಲ.

ಜಂತುಹುಳುವಿನ ಔಷಧ ಕೊಟ್ಟ ಮೇಲಿನ ಕೆಲವು ದಿನಗಳ ಲದ್ದಿಗೆ ಪ್ರತ್ಯೇಕ ಗುಂಡಿಯೇ ಇದೆ. ಐವರ್ಮೆಕ್ಟಿನ್‌ನಂತಹ ಔಷಧದ ಅಂಶ ಲದ್ದಿಯೊಂದಿಗೆ ಹೊರಬಂದು, ಅದನ್ನು ಉರುಳಿಸಿ ಮಣ್ಣಿಗೆ ಸೇರಿಸುವ ಸಗಣಿಹುಳುಗಳನ್ನೇ ಕೊಲ್ಲುತ್ತದೆ. ಆ ಕಾರಣಕ್ಕೆ ಇಲ್ಲಿ ಕ್ಯಾಲೆಂಡರ್ ನೋಡಿ ಎಲ್ಲ ಕುದುರೆಗಳಿಗೂ ಔಷಧ ಕುಡಿಸುವುದಿಲ್ಲ. ಲದ್ದಿಯ ಮಾದರಿಯಲ್ಲಿ ಹುಳುವಿನ ಮೊಟ್ಟೆಗಳನ್ನು ಎಣಿಸಿ, ಹೆಚ್ಚಿರುವ ಕುದುರೆಗೆ ಮಾತ್ರ ಕೊಡುತ್ತಾರೆ. ನನಗೆ ಇಡೀ ತೋಟದಲ್ಲಿ ಅತ್ಯಂತ ಮೆಚ್ಚುಗೆಯಾದ ಶಿಸ್ತು ಇದು.

ಹೊಲದ ಬೆಳೆಯನ್ನು ಆರಿಸುವಾಗಲೂ ಕುದುರೆಯನ್ನು ನೆನೆಯಬೇಕಾಗುತ್ತದೆ. ರಾಗಿಯ ನಡುವೆ ಅಕ್ಕಡಿ ಸಾಲಿನಲ್ಲಿ ಅವರೆ, ತೊಗರಿ, ಹುಚ್ಚೆಳ್ಳು ಹಾಕುವುದು ಈ ಸೀಮೆಯ ಹಳೆಯ ಪದ್ಧತಿ, ಅದು ಇಲ್ಲಿಯೂ ಇದೆ. ಆದರೆ ಹಸಿರೆಲೆ ಗೊಬ್ಬರಕ್ಕೆಂದು ಸುತ್ತಲಿನವರೆಲ್ಲ ಬಿತ್ತುವ ಅಪ್ಸೆಣಬನ್ನು ಇವರು ಬಿತ್ತುವುದಿಲ್ಲ, ಏಕೆಂದರೆ ಅದರ ಬೀಜ ಕುದುರೆಗೆ ವಿಷ. ಬೇಲಿಯಲ್ಲಿ ಕಣಗಿಲೆಯಿಲ್ಲ, ಬದುವಿನಲ್ಲಿ ಹರಳು ಗಿಡವಿಲ್ಲ, ಲಂಟಾನವನ್ನು ಪ್ರತಿ ಮಳೆಗಾಲದ ನಂತರ ಬೇರುಸಹಿತ ಕೀಳುತ್ತಾರೆ. ನೇಪಿಯರ್ ಹುಲ್ಲು ಹಸುಗಳಿಗೆ ಧಾರಾಳವಾಗಿ ಹೋಗುತ್ತದೆ, ಕುದುರೆಗಳಿಗೆ ಮಿತವಾಗಿ. ಅದರಲ್ಲಿರುವ ಆಕ್ಸಲೇಟ್ ಎಂಬ ಅಂಶ ಸುಣ್ಣಾಂಶವನ್ನು ಕಟ್ಟಿಹಾಕುವುದರಿಂದ ಅದೊಂದನ್ನೇ ತಿಂದ ಕುದುರೆಯ ದೇಹ ತನ್ನ ಮೂಳೆಯಿಂದ ಸುಣ್ಣವನ್ನು ಎಳೆದುಕೊಳ್ಳುತ್ತದೆ, ಕಡೆಗೆ ಮುಖದ ಮೂಳೆ ಊದಿಕೊಳ್ಳುತ್ತದೆ. ಬೂಸಾ ಹೆಚ್ಚಾದರೂ ಇದೇ ತೊಂದರೆ. ಅದನ್ನು ಸರಿದೂಗಿಸಲು ಸುಣ್ಣಾಂಶ ಹೆಚ್ಚಿರುವ ಕುದುರೆ ಮಸಾಲೆ (ಲೂಸರ್ನ್) ಸೊಪ್ಪನ್ನು ಬಾವಿಯ ಪಕ್ಕದ ಪಾತಿಗಳಲ್ಲಿ ಬೆಳೆಯುತ್ತಾರೆ. ಕೊಯ್ಯುವ ಕೆಲಸ ಮೊಮ್ಮಗಳದು, ಶಾಲೆಯ ಬಸ್ಸು ಬರುವ ಮುನ್ನ ಮುಗಿಯಬೇಕು.

ಹತ್ತು ಗಂಟೆಗೆ ಭೀಮನ ಮೈ ಉಜ್ಜುವ ಪಾಠ. ಕುತ್ತಿಗೆಯಿಂದ ಆರಂಭಿಸಿ, ಭುಜದ ಹತ್ತಿರ ನಿಂತು, ಒಂದು ಕೈ ಸದಾ ಕುದುರೆಯ ಮೈಮೇಲಿರುವಂತೆ ಹಿಂದಕ್ಕೆ ಹೋಗಬೇಕು. ಹಿಂಬದಿಯನ್ನು ಬಳಸಿ ಆಚೆಗೆ ಹೋಗುವಾಗ ಅಂಗೈ ಅದರ ಸೊಂಟದ ಮೇಲಿದ್ದರೆ, ಕಣ್ಣಿಗೆ ಕಾಣದ ಆ ಜಾಗದಲ್ಲಿಯೂ ನಾವು ಎಲ್ಲಿದ್ದೇವೆಂದು ಅದಕ್ಕೆ ತಿಳಿಯುತ್ತದೆ. ಗೊರಸಿನ ಕೊಳೆಯನ್ನು ಹಿಮ್ಮಡಿಯ ಕಡೆಯಿಂದ ತುದಿಯ ಕಡೆಗೆ ಕೆರೆದು ತೆಗೆಯಬೇಕು. ನಡುವೆ ತ್ರಿಕೋನಾಕಾರದಲ್ಲಿ ರಬ್ಬರಿನಂತೆ ಮೆದುವಾಗಿರುವ ಭಾಗವನ್ನು ಕೊಕ್ಕೆ ಚುಚ್ಚಬಾರದು. ಕಾಲು ಎತ್ತಿಸಲು ಎಳೆದಾಡುವುದಿಲ್ಲ. ಮೊಣಕಾಲಿನಿಂದ ಕೆಳಗೆ ಕೈ ಇಳಿಸಿ, ಹಿಂದಿನ ನರದ ಬಳಿ ಎರಡು ಬೆರಳಿನಿಂದ ಒತ್ತಿ ಕಾಯಬೇಕು. ಭೀಮ ಭಾರವನ್ನು ಇನ್ನೊಂದು ಕಾಲಿಗೆ ಬದಲಿಸಿ ತಾನಾಗಿಯೇ ಗೊರಸನ್ನು ನನ್ನ ಕೈಗೆ ಕೊಟ್ಟ ಕ್ಷಣದಲ್ಲಿ ಆದ ಸಂತೋಷ ಬಹಳ ದೊಡ್ಡದು.

ಶನಿವಾರ: ದುಂಡು ಅಂಗಳ

ಮನೆಯ ಪಡುವಣಕ್ಕೆ ಅರವತ್ತು ಅಡಿ ಅಗಲದ ದುಂಡನೆಯ ಅಂಗಳವೊಂದಿದೆ. ಬಿದಿರಿನ ಬೇಲಿ, ಕೆರೆಯ ಮರಳು ಬೆರೆಸಿದ ನೆಲ. ಅಲ್ಲಿ ಅಂದು ಕೆಂಪಿಯ ಸರದಿ.

ಕೆಂಪಿ ಓಟ ಬಿಟ್ಟು ಬಂದದ್ದು ದಸರೆಯ ಆಸುಪಾಸಿನಲ್ಲಿ. ಅಂದಿನಿಂದ ಅವಳ ಬೆನ್ನಿನ ಮೇಲೆ ಯಾರೂ ಕುಳಿತಿಲ್ಲ. ಓಟದ ಕುದುರೆಯನ್ನು ಎರಡು ವರ್ಷಕ್ಕೇ ಕಣಕ್ಕಿಳಿಸುತ್ತಾರೆ. ದಿನದ ಹೆಚ್ಚಿನ ಹೊತ್ತು ಅದು ಲಾಯದಲ್ಲಿ ಒಂಟಿಯಾಗಿ ನಿಂತು, ಕಾಳು ಹೆಚ್ಚು ಹುಲ್ಲು ಕಡಿಮೆ ತಿಂದು, ಬೆಳಗಿನ ಸ್ವಲ್ಪ ಹೊತ್ತು ಮಾತ್ರ ಓಡುತ್ತದೆ. ದಿನಕ್ಕೆ ಹದಿನಾರು ಗಂಟೆಯಷ್ಟು ಹೊತ್ತು ಮೇಯುತ್ತಲೇ ಇರುವಂತೆ ರೂಪುಗೊಂಡ ಪ್ರಾಣಿಯ ಹೊಟ್ಟೆ ಹೀಗೆ ಗಂಟೆಗಟ್ಟಲೆ ಖಾಲಿ ಬಿದ್ದರೆ ಅದರಲ್ಲಿ ಹುಣ್ಣಾಗುತ್ತದೆ, ಓಟದ ಕುದುರೆಗಳಲ್ಲಿ ಇದು ತೀರಾ ಸಾಮಾನ್ಯ. ಹೊಟ್ಟೆ ನೋಯುತ್ತಿರುವ ಕುದುರೆಗೆ ಪಾಠ ಹತ್ತುವುದಿಲ್ಲ. ಅದಕ್ಕೆ ಮೊದಲು ಬೇಕಾದದ್ದು ಹುಲ್ಲು, ಓಡಾಡುವ ಜಾಗ ಮತ್ತು ಜೊತೆಯ ಕುದುರೆಗಳು, ಇವನ್ನು ತಿಂಗಳುಗಟ್ಟಲೆ ಕೊಡಲು ಮೇವನ್ನು ತಾನೇ ಬೆಳೆಯುವ ತೋಟಕ್ಕೆ ಮಾತ್ರ ಸಾಧ್ಯ. ನಗರದ ಸವಾರಿ ಶಾಲೆಗಳಿಗೆ ಜಾಗವೂ ಇಲ್ಲ, ಮೇವೂ ಕೊಂಡದ್ದೇ. ಆದ್ದರಿಂದ ಬಂದ ಕುದುರೆ ಬೇಗನೆ ದುಡಿಯಲೇಬೇಕು. ಇದು ನಾನು ಅಲ್ಲಿ ಕಂಡು ಒಪ್ಪಿದ ಮಾತು, ಇದನ್ನು ಒತ್ತಿ ಹೇಳಬೇಕೆನ್ನಿಸುತ್ತದೆ.

ಜನವರಿ ಒಂದನೆಯ ತಾರೀಖಿಗೆ ನಮ್ಮ ದೇಶದ ಥರೋಬ್ರೆಡ್ ಕುದುರೆಗಳಿಗೆಲ್ಲ ಒಟ್ಟಿಗೆ ಒಂದು ವರ್ಷ ವಯಸ್ಸು ಹೆಚ್ಚುತ್ತದೆ, ಹುಟ್ಟಿದ ದಿನ ಯಾವುದೇ ಇರಲಿ. "ಮೊನ್ನೆ ತಾನೆ ಕೆಂಪಿಗೆ ಐದಾಯ್ತು. ಬೆಲ್ಲ ಕೊಟ್ಟೆ" ಎಂದು ಮೊಮ್ಮಗಳು ಬೇಲಿಯ ಮೇಲೆ ಕುಳಿತು ಹೇಳಿದಳು.

ಸೊಸೆಯವರು ಮುಖಕ್ಕೆ ಹಗ್ಗದ ಪಟ್ಟಿ, ಅಂದರೆ ಹಾಲ್ಟರ್, ಹಾಕಿಕೊಂಡ ಕೆಂಪಿಯನ್ನು ಒಳಗೆ ಕರೆತಂದು, ಎದುರಿಗೆ ನಿಂತು, ಹಗ್ಗವನ್ನು ಎರಡೇ ಬೆರಳಿನಿಂದ ಅವಳ ಎದೆಯ ಕಡೆಗೆ ಒತ್ತಿದರು. ಹಿಂದೆ ಸರಿ ಎಂಬ ಸೂಚನೆ ಅದು. ಕೆಂಪಿ ತಲೆ ಎತ್ತಿದಳು, ಒತ್ತಡ ಹೆಚ್ಚಲಿಲ್ಲ, ಇಳಿಯಲೂ ಇಲ್ಲ. ಪಕ್ಕಕ್ಕೆ ತಿರುಗಿದಳು, ಬೆರಳು ಅಲ್ಲಿಯೇ ಇತ್ತು. ಮುಂದಕ್ಕೆ ನೂಕಿ ನೋಡಿದಳು. ಕಡೆಗೊಮ್ಮೆ ತನ್ನ ಭಾರವನ್ನು ಹಿಂಗಾಲಿಗೆ ಒಂದಿಷ್ಟು ವಾಲಿಸಿದಳು, ಹೆಜ್ಜೆ ಇನ್ನೂ ಕಿತ್ತಿರಲಿಲ್ಲ, ಅಷ್ಟರಲ್ಲೇ ಹಗ್ಗ ಪೂರ್ತಿ ಸಡಿಲವಾಯಿತು. ಆಮೇಲೆ ಸುಮ್ಮನೆ ನಿಂತರು, ಇಬ್ಬರೂ. ಕೆಂಪಿ ತಲೆ ತಗ್ಗಿಸಿ, ಬಾಯಾಡಿಸಿ, ತುಟಿ ನೆಕ್ಕಿಕೊಂಡಳು. ಮತ್ತೆ ಅದೇ ಸೂಚನೆ ಕೊಟ್ಟಾಗ ಹೆಜ್ಜೆ ಕಿತ್ತಳು.

ಒತ್ತಡ ಯಾವಾಗ ಇಳಿಯುತ್ತದೋ ಆ ಕ್ಷಣಕ್ಕೆ ಸ್ವಲ್ಪ ಮೊದಲು ತಾನು ಏನು ಮಾಡಿದೆ ಎಂಬುದನ್ನೇ ಕುದುರೆ ಸರಿಯುತ್ತರವೆಂದು ನೆನಪಿಟ್ಟುಕೊಳ್ಳುತ್ತದೆ. ಅದು ಹಿಂದೆ ಸರಿದು ಮುಗಿಸಿ ತಲೆ ಎತ್ತಿದ ಮೇಲೆ ಹಗ್ಗ ಬಿಟ್ಟರೆ, ಅದು ಕಲಿಯುವುದು ತಲೆ ಎತ್ತುವುದನ್ನು. ಹಾಗಾಗಿ ಪಳಗಿಸುವವರ ಕೌಶಲವೆಲ್ಲ ಬಿಡುವ ಹೊತ್ತನ್ನು ಗುರುತಿಸುವುದರಲ್ಲಿದೆ, ಆ ಹೊತ್ತು ಒಂದೆರಡು ಸೆಕೆಂಡಿಗಿಂತ ಹೆಚ್ಚಿರುವುದಿಲ್ಲ. ಓಟದ ಕುದುರೆಗೆ ಹಿಂದಿನ ಪಾಠವನ್ನೂ ಮರೆಸಬೇಕಾಗುತ್ತದೆ. ಕಣದಲ್ಲಿ ಲಗಾಮು ಬಿಗಿಯಾದಷ್ಟೂ ಅದು ಅದಕ್ಕೆ ಒರಗಿಕೊಂಡು ವೇಗ ಹೆಚ್ಚಿಸಲು ಕಲಿತಿರುತ್ತದೆ. ಹೊಸ ಸವಾರ ಹೆದರಿ ಎಳೆದರೆ ಅದಕ್ಕೆ ಕೇಳಿಸುವುದು ಓಡು ಎಂಬ ಆಜ್ಞೆ. ಜಾಕಿಗಳು ಗಿಡ್ಡ ರಿಕಾಪಿನಲ್ಲಿ ಮೇಲೆದ್ದು ಕುಳಿತಿರುವುದರಿಂದ ಸವಾರನ ಉದ್ದ ಕಾಲು ಪಕ್ಕೆಗೆ ತಾಗುವುದೂ ಅದಕ್ಕೆ ಅಪರಿಚಿತ. ಹತ್ತಿಸಿಕೊಳ್ಳುವಾಗ ನಿಂತಿರುವ ಅಭ್ಯಾಸವೂ ಅನೇಕಕ್ಕೆ ಇರುವುದಿಲ್ಲ, ನಡೆಯುತ್ತಿರುವ ಕುದುರೆಯ ಮೇಲೆಯೇ ಜಾಕಿಯನ್ನು ಎತ್ತಿ ಕೂರಿಸುವುದು ಲಾಯದ ರೂಢಿ. ಒಂದೊಂದನ್ನೂ ಹೀಗೆಯೇ ಬೆರಳಿನ ತುದಿಯಿಂದ ಮತ್ತೆ ಕಟ್ಟಬೇಕು. ಇಪ್ಪತ್ತು ನಿಮಿಷಕ್ಕೆ ಪಾಠ ನಿಂತಿತು, ಕೆಂಪಿ ಚೆನ್ನಾಗಿ ಮಾಡುತ್ತಿರುವಾಗಲೇ.

ನನ್ನ ಸವಾರಿ ಭೀಮನ ಮೇಲೆ, ಉದ್ದ ಹಗ್ಗದ ಒಂದು ತುದಿ ಸೊಸೆಯವರ ಕೈಯಲ್ಲಿ. ನನ್ನ ಕೈಗೆ ಲಗಾಮು ಕೊಟ್ಟಿರಲಿಲ್ಲ. ಕಿವಿ, ಭುಜ, ಸೊಂಟ, ಹಿಮ್ಮಡಿ ಒಂದೇ ನೇರಕ್ಕೆ ಬರುವವರೆಗೆ, ಕೈಗಳನ್ನು ಪಕ್ಕಕ್ಕೆ ಚಾಚಿ, ಕಣ್ಣು ಮುಚ್ಚಿ, ಈಗ ಯಾವ ಗೊರಸು ನೆಲ ಮುಟ್ಟಿತು ಎಂದು ಹೇಳುತ್ತ ಸುತ್ತು ಹಾಕಬೇಕಿತ್ತು. ಸಮತೋಲ ಬರುವ ಮೊದಲು ಲಗಾಮು ಕೊಟ್ಟರೆ ಸವಾರ ಅದನ್ನೇ ಹಿಡಿಕೆ ಮಾಡಿಕೊಳ್ಳುತ್ತಾನೆ, ಅದರ ನೋವು ಕುದುರೆಯ ಬಾಯಿಗೆ. ಲಗಾಮಿಲ್ಲದೆ ಕುಳಿತು ಮೊದಲ ಬಾರಿಗೆ ಭೀಮನ ಬೆನ್ನಿನ ಎರಡು ಪಕ್ಕೆಗಳು ಒಂದಾದ ಮೇಲೊಂದರಂತೆ ಏರಿಳಿಯುವುದು ನನ್ನ ಸೊಂಟಕ್ಕೆ ತಿಳಿಯಿತು. ಇಳಿದ ಮೇಲೆ ತೊಡೆಗಳು ನಡುಗುತ್ತಿದ್ದವು. ಅಜ್ಜಿ ಬಿಸಿನೀರಿನ ಹಂಡೆಯನ್ನು ಆಗಲೇ ಕಾಯಿಸಿಟ್ಟಿದ್ದರು.

ಸಂಜೆ ಹುಲಿಯೂರುದುರ್ಗದ ಪೇಟೆಗೆ ಸಾಮಾನು ತರಲು ಯಜಮಾನರ ಜೊತೆ ಹೋದೆ. ಟೀ ಅಂಗಡಿಯಲ್ಲಿ ಕುಳಿತಿದ್ದ ಹಿರಿಯರೊಬ್ಬರು ಕುಣಿಗಲ್‌ನ ಕುದುರೆ ಫಾರಂನಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಟಿಪ್ಪು ಸುಲ್ತಾನನ ಅಶ್ವದಳಕ್ಕಾಗಿ ಕುದುರೆ ಸಾಕಿದ ಆ ನಾನೂರು ಎಕರೆಗೂ ಮಿಕ್ಕಿದ ನೆಲ ಇಲ್ಲಿಂದ ದೂರವಲ್ಲ. ಮುಂದೆ ಅದು ಓಟದ ಕುದುರೆಗಳ ತವರಾಯಿತು. ಈಗ ಮರಿ ಹಾಕುವ ಕಾಲ ಎಂದು ಅವರು ನೆನೆಸಿಕೊಂಡರು. "ಹನ್ನೊಂದು ತಿಂಗ್ಳು ಹೊರ್ತದೆ, ಈಯದು ಮಾತ್ರ ರಾತ್ರಿನೇ. ಮನುಷ್ಯರು ನೋಡ್ತಾ ಕುಂತಿದ್ರೆ ತಡ್ಕತದೆ. ನಾವು ದೀಪ ಆರ್ಸಿ, ಗೋಡೆ ಆಚೆ ಕುಂತು, ಉಸ್ರು ಕೇಳ್ತಾ ಕಾಯ್ತಿದ್ವಿ." ಹುಟ್ಟಿದ ಮರಿ ಒಂದು ಗಂಟೆಯೊಳಗೆ ಎದ್ದು ನಿಲ್ಲದಿದ್ದರೆ, ಎರಡು ಗಂಟೆಯೊಳಗೆ ಗಿಣ್ಣುಹಾಲು ಕುಡಿಯದಿದ್ದರೆ ವೈದ್ಯರನ್ನು ಎಬ್ಬಿಸುತ್ತಿದ್ದರಂತೆ. ನಮ್ಮ ಟೀ ದುಡ್ಡನ್ನೂ ಅವರೇ ಕೊಟ್ಟರು.

ಅದೇ ರಾತ್ರಿ

ಹನ್ನೊಂದರ ಸುಮಾರಿಗೆ ಚಾಚಾ ಬಾಗಿಲು ಬಡಿದರು. ಕರಿಯ ಕುದುರೆ ಮುಂಗಾಲಿನಿಂದ ನೆಲ ಕೆರೆಯುತ್ತಿತ್ತು, ಮತ್ತೆ ಮತ್ತೆ ತಿರುಗಿ ತನ್ನ ಪಕ್ಕೆಯನ್ನು ನೋಡಿಕೊಳ್ಳುತ್ತಿತ್ತು, ಮಲಗಿ ಹೊರಳಲು ಮಂಡಿಯೂರುತ್ತಿತ್ತು. ಕುದುರೆಗೆ ವಾಂತಿ ಮಾಡಲು ಆಗುವುದಿಲ್ಲ. ಕರುಳಿನಲ್ಲಿ ಕಟ್ಟಿಕೊಂಡದ್ದು ಹಿಂಬದಿಯಿಂದಲೇ ಹೋಗಬೇಕು, ಇಲ್ಲವಾದರೆ ಗಂಟೆಗಳಲ್ಲಿ ಪ್ರಾಣವೇ ಹೋಗಬಹುದು. ಚಳಿ ಹೆಚ್ಚಾದ ದಿನಗಳಲ್ಲಿ ಕುದುರೆಗಳು ತಣ್ಣೀರನ್ನು ಕಡಿಮೆ ಕುಡಿಯುತ್ತವೆ, ಒಣಮೇವು ಒಳಗೆ ಗಟ್ಟಿಯಾಗುತ್ತದೆ. ಸಂಜೆಯ ಲದ್ದಿ ಕಡಿಮೆಯಿತ್ತೆಂದು ಚಾಚಾ ಆಗಲೇ ಹಲಗೆಯ ಮೇಲೆ ಗೆರೆ ಎಳೆದಿದ್ದರು.

ಸೊಸೆಯವರು ದವಡೆಯ ಕೆಳಗಿನ ನಾಡಿಯ ಮೇಲೆ ಬೆರಳಿಟ್ಟು ಎಣಿಸಿದರು: ನಿಮಿಷಕ್ಕೆ 60. ವಿಶ್ರಾಂತಿಯಲ್ಲಿರುವ ಕುದುರೆಗೆ ಅದು 28ರಿಂದ 44ರೊಳಗೆ ಇರಬೇಕು. ವಸಡನ್ನು ಒತ್ತಿ ಬಿಟ್ಟರೆ ಬಣ್ಣ ಎರಡು ಸೆಕೆಂಡಿನಲ್ಲಿ ಮರಳುತ್ತಿತ್ತು, ಅದು ಸಮಾಧಾನದ ವಿಷಯ. ಪಕ್ಕೆಗೆ ಕಿವಿಯಿಟ್ಟರೆ ಬಲಗಡೆ ಸದ್ದೇ ಇರಲಿಲ್ಲ. ಪಶುವೈದ್ಯರಿಗೆ ಫೋನು ಹೋಯಿತು. ಮೇವನ್ನು ತೆಗೆದಿಟ್ಟು ನಾವು ಸರದಿಯ ಮೇಲೆ ಅವನನ್ನು ನಿಧಾನವಾಗಿ ನಡೆಸತೊಡಗಿದೆವು. ಅಷ್ಟರಲ್ಲಿ ಕರೆಂಟು ಹೋಯಿತು. ತೋಟದ ಓಣಿಯಲ್ಲಿ ರಾಗಿಹುಲ್ಲು ತುಂಬಿದ ಟ್ರ್ಯಾಕ್ಟರೊಂದು ಚಕ್ರ ಹೂತು ಅಡ್ಡ ನಿಂತಿತ್ತು. ವೈದ್ಯರು ಜೀಪನ್ನು ಅದರ ಹಿಂದೆಯೇ ಬಿಟ್ಟು, ಚೀಲವನ್ನು ಹೆಗಲಿಗೇರಿಸಿ, ಟಾರ್ಚ್ ಹಿಡಿದು ನಡೆದೇ ಬಂದರು. ನೋವಿಗೆ ಚುಚ್ಚುಮದ್ದು ಕೊಟ್ಟು, ಮೂಗಿನ ಹೊಳ್ಳೆಯಿಂದ ಜಠರದವರೆಗೆ ಕೊಳವೆ ಇಳಿಸಿ, ಉಗುರುಬೆಚ್ಚಗಿನ ನೀರಿನೊಂದಿಗೆ ಪ್ಯಾರಫಿನ್ ಎಣ್ಣೆ ಹಾಕಿದರು. ನಾನು ಟಾರ್ಚ್ ಹಿಡಿದಿದ್ದೆ. ಅಜ್ಜಿ ಎಲ್ಲರಿಗೂ ಶುಂಠಿ ಹಾಕಿದ ಬೆಲ್ಲದ ಕಾಫಿ ತಂದರು, ವೈದ್ಯರಿಗೆ ಮೊದಲು.

ನಾಲ್ಕೂವರೆಗೆ ಕರಿಯ ಲದ್ದಿ ಹಾಕಿದ. ಚಾಚಾ ಅದನ್ನು ಕೈಯಲ್ಲಿ ಎತ್ತಿ, ಒಡೆದು ನೋಡಿ, "ಅಲ್ಲಾ ದೊಡ್ಡವನು" ಎಂದು ಅಲ್ಲಿಯೇ ಕಲ್ಲಿನ ಮೇಲೆ ಕುಳಿತುಬಿಟ್ಟರು.

ಭಾನುವಾರ: ಬೆಟ್ಟದ ಬುಡದ ದಾರಿ

ಎಲ್ಲರೂ ತಡವಾಗಿ ಎದ್ದ ದಿನ. ನೀರಿನ ತೊಟ್ಟಿಗಳಿಗೆ ಅಂದಿನಿಂದ ಬೆಳಿಗ್ಗೆ ಒಂದೊಂದು ಹಂಡೆ ಬಿಸಿನೀರು ಬೆರೆಸುವುದೆಂದೂ, ಹುರುಳಿಗೆ ಸ್ವಲ್ಪ ಉಪ್ಪು ಹೆಚ್ಚಿಸುವುದೆಂದೂ ತೀರ್ಮಾನವಾಯಿತು. ತಿಂಡಿಗೆ ಸೊಗಡಿನ ಅವರೆಕಾಳಿನ ಉಪ್ಪಿಟ್ಟು. ಈ ಸೀಮೆಯಲ್ಲಿ ಜನವರಿಯ ಇಬ್ಬನಿ ಕುಡಿದ ಅವರೆಯ ವಾಸನೆ ಕೈಯಿಂದ ದಿನವಿಡೀ ಹೋಗುವುದಿಲ್ಲ, ಹೋಗಬೇಕೆಂದು ಯಾರೂ ಬಯಸುವುದೂ ಇಲ್ಲ.

ಮಧ್ಯಾಹ್ನದ ನಂತರ ಭೀಮನೊಂದಿಗೆ ಬೆಟ್ಟದ ಬುಡದ ಗಾಡಿ ಜಾಡಿನಲ್ಲಿ ಹೋದೆವು, ಅರ್ಧ ದಾರಿ ಸವಾರಿ, ಅರ್ಧ ದಾರಿ ಪಕ್ಕದಲ್ಲಿ ನಡಿಗೆ. ಬೆನ್ನಿಗೆ ಬಿಡುವು ಕೊಡಲು ಇಳಿದು ನಡೆಯುವುದು ಈ ಮನೆಯ ನಿಯಮ. ಹೊರಡುವಾಗ ಬಿಗಿದ ಹೊಟ್ಟೆಪಟ್ಟಿಯನ್ನು ಹತ್ತು ನಿಮಿಷದ ಮೇಲೆ ಇನ್ನೊಮ್ಮೆ ನೋಡಬೇಕು, ಏಕೆಂದರೆ ಎಷ್ಟೋ ಕುದುರೆಗಳು ಕಟ್ಟುವಾಗ ಎದೆ ಉಬ್ಬಿಸಿರುತ್ತವೆ. ದಾರಿಯಲ್ಲಿ ಕುರಿ ಕಾಯುವ ಹುಡುಗನೊಬ್ಬ, ನೆರೆಯ ಊರಿನಲ್ಲಿ ಚಿರತೆ ನಾಯಿಯನ್ನು ಹೊತ್ತೊಯ್ದ ಸುದ್ದಿ ಹೇಳಿದ. ಕತ್ತಲಾಗುವ ಮೊದಲು ಕುದುರೆಗಳನ್ನು ಮನೆಯ ಪಕ್ಕದ ಎತ್ತರದ ಬೇಲಿಯೊಳಗೆ ಸೇರಿಸುವುದೇಕೆಂದು ಆಗ ತಿಳಿಯಿತು. ಸಂಕ್ರಾಂತಿಯಂದು ಹಸುಗಳಿಗೆ ಕಿಚ್ಚು ಹಾಯಿಸಿದಿರಾ ಎಂದು ಕೇಳಿದ್ದಕ್ಕೆ ಸೊಸೆಯವರು, "ಹಸುಗಳಿಗೂ ನಮ್ಮತ್ತೆ ನಿಲ್ಲಿಸಿಬಿಟ್ಟರು. ಬಣ್ಣ ಬಳಿದು, ಎಳ್ಳುಬೆಲ್ಲ ತಿನ್ನಿಸ್ತಾರೆ, ಕುದುರೆಗೂ ಅಷ್ಟೇ" ಎಂದರು.

ಸೋಮವಾರ: ಲಾಳ ಕಟ್ಟುವವರು

ನಾನು ಹೊರಡುವ ದಿನವೇ ಲಾಳ ಕಟ್ಟುವವರು ಬಂದದ್ದು ಅದೃಷ್ಟ. ಗೊರಸು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್‌ನಷ್ಟು ಬೆಳೆಯುತ್ತದೆ; ಆರರಿಂದ ಎಂಟು ವಾರಕ್ಕೊಮ್ಮೆ ಕತ್ತರಿಸಿ ಸಮಮಾಡಬೇಕು. ಓಟದ ಕುದುರೆಗಳಿಗೆ ತೆಳುವಾದ ಅಲ್ಯೂಮಿನಿಯಂ ಲಾಳ ಇರುತ್ತದೆ. ಅದನ್ನು ಬಿಚ್ಚಿ ಬರಿಗೊರಸಿಗೆ ಒಗ್ಗಿಸುವುದು ಇಲ್ಲಿನ ಕ್ರಮ, ಆದರೆ ಮೊಳೆಯ ತೂತುಗಳಿರುವ ಹಳೆಯ ಗೋಡೆ ಕೆಳಗಿಳಿದು, ಮೇಲಿನಿಂದ ಗಟ್ಟಿ ಗೊರಸು ಪೂರ್ತಿ ಬರಲು ವರ್ಷದ ಹತ್ತಿರ ಬೇಕು. ಕೆಂಪಿಯ ಗೊರಸಿನಲ್ಲಿ ಹೊಸ ಬೆಳವಣಿಗೆಯ ಗೆರೆ ಸ್ಪಷ್ಟವಾಗಿತ್ತು. ಅದರ ಮೇಲಿನ ಭಾಗ ನುಣುಪು, ಕೆಳಗಿನದು ಚಕ್ಕೆ ಚಕ್ಕೆ. ಅಲ್ಲಿಂದ ಮೇಲಿನದೆಲ್ಲ ಈ ತೋಟದ ಹುಲ್ಲಿನಿಂದ ಬಂದದ್ದು ಎಂದು ಲಾಳದವರು ಉಗುರಿನಿಂದ ತೋರಿಸಿದರು. ಅವರು ಕಾಲು ಎತ್ತಿಕೊಂಡಾಗ ಕೆಂಪಿ ಒಮ್ಮೆ ಕೊಸರಿದಳು. ಸೊಸೆಯವರು ಹಾಲ್ಟರಿನ ಹಗ್ಗದ ಮೇಲೆ ಎರಡು ಬೆರಳಿಟ್ಟು ಕಾದರು, ಅವಳು ತಲೆ ತಗ್ಗಿಸಿದೊಡನೆ ಬಿಟ್ಟರು. ನಾಲ್ಕು ಗೊರಸುಗಳೂ ಮುಗಿಯುವವರೆಗೆ ಮತ್ತೆ ಕೊಸರಾಟವಿರಲಿಲ್ಲ.

ಕೆಂಪಿಗೆ ಜೀನು ಹಾಕುವುದು ಯುಗಾದಿ ಕಳೆದ ಮೇಲೆ ಎಂದು ನಿರ್ಧರಿಸಿದ್ದಾರೆ. ಆ ಹೊತ್ತಿಗೆ ಬಿಸಿಲು ಏರುವುದರಿಂದ ಪಾಠಗಳೆಲ್ಲ ಬೆಳಿಗ್ಗೆ ಆರರಿಂದ ಎಂಟರೊಳಗೆ ಮುಗಿಯುತ್ತವೆ. ಉಳಿದ ದಿನವೆಲ್ಲ ಹೊಲದ ಹೊದಿಕೆ, ನೀರು ಮತ್ತು ನೊಣದ ಕೆಲಸ. ಕಲಿಯಲು ಹೋಗಬಯಸುವವರಿಗೆ ಯಜಮಾನರು ಹೇಳುವುದು ಮಳೆಗಾಲ ಮುಗಿದ ಮೇಲೆ ಬನ್ನಿ ಎಂದು; ನನ್ನ ಅಭಿಪ್ರಾಯದಲ್ಲಿ ರಾಗಿ ಕೊಯ್ಲಿನಿಂದ ಶಿವರಾತ್ರಿಯವರೆಗಿನ ಕಾಲವೇ ಉತ್ತಮ, ಹುರುಳಿಕಟ್ಟೂ ಅವರೆಯೂ ಆಗಲೇ ಸಿಗುವುದು. ಅಜ್ಜಿ ಚೀಲಕ್ಕೆ ಎರಡು ಸೇರು ಹೊಸ ಹುರುಳಿ ತುಂಬಿಸಿ ಕೊಟ್ಟರು, ಮತ್ತು ಅದನ್ನು ರಾತ್ರಿಯೇ ನೆನೆಹಾಕಬೇಕೆಂದು ಬಾಗಿಲವರೆಗೆ ಬಂದು ಹೇಳಿದರು. ವಾಪಸು ಬರುವಾಗ ಮಾಗಡಿಯ ಬದಲು ಕುಣಿಗಲ್ ಮೇಲೆ ಬಂದೆ. ಆ ದಾರಿ ಸ್ವಲ್ಪ ಸುತ್ತು, ಆದರೆ ಹೆದ್ದಾರಿ ಅಗಲವಾಗಿದೆ, ಹುರುಳಿ ಹರಡಿರುವುದಿಲ್ಲ.